ಹಲ್ಲುಕಡ್ಡಿ ಅಜ್ಜ

2022ರ ನವೆಂಬರ್ 5, ಶನಿವಾರ ರಾತ್ರಿ. ಅಕ್ಕನ ಬಾಣಂತನಕ್ಕೆ ಅಂತ ಅಮ್ಮನನ್ನ ಕರ್ಕೊಂಡು ಹ್ಯೂಸ್ಟನ್‌ಗೆ ಹೋಗಿದ್ದೆ. ಒಳಗಡೆ ರೂಮಲ್ಲಿ ಪಾಪು ಮಲಗಿತ್ತು, ಹಾಗಾಗಿ ಟಿವಿ ಸೌಂಡ್ ಪೂರ್ತಿ ಬಂದ್. ಭಾವ ಸೋಫಾದ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದರು. ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ (ಅಂದ್ರೆ ಅಲ್ಲಿನ ಲೀಗಿನ ಫೈನಲ್ ಸರಣಿ) ಆರನೇ ಪಂದ್ಯ, ಅವರೂರಿನ ಆಸ್ಟ್ರೋಸ್‌ಗೂ ಫಿಲಡೆಲ್ಫಿಯಾದ ಫಿಲ್ಲೀಸ್‌ಗೂ.

ಅಮ್ಮನಿಗೆ ಆಟದ ಗೊಡವೆ ಇಲ್ಲ. ಅವಳ ಕಣ್ಣೆಲ್ಲ ಡಗೌಟಲ್ಲಿ ನಿಂತಿದ್ದ ಒಬ್ಬ ಮುದುಕರ ಮೇಲೆ. "ಆ ಅಜ್ಜ ಊಟ ಆದ್ಮೇಲೆ ಬಾಯಲ್ಲಿ ಕಡ್ಡಿ ಇಟ್ಕೊಂಡು ಮರೆತೇಬಿಟ್ಟಿದ್ದಾರೆ ಕಣೋ. ಯಾರಾದ್ರೂ ಹೇಳಬಾರದಾ?" ಭಾವ ನಕ್ಕು, "ಅದು ಅಭ್ಯಾಸ ಅತ್ತೆ, ತಂಬಾಕು ಬಿಡೋಕೆ ಅಂತ ಹಿಡಿದದ್ದು" ಅಂದರು. "ನಿಮ್ಮ ಮಾವನೂ ಎಲೆಅಡಿಕೆ ಬಿಡೋಕೆ ಏಲಕ್ಕಿ ಹಿಡಿದ್ರು, ಈಗ ಎರಡೂ ಇದೆ" ಅಂದಳು ಅಮ್ಮ.

ಆ ಅಜ್ಜನೇ ಡಸ್ಟಿ ಬೇಕರ್. ಆಗ 73 ವರ್ಷ. ಮುಂದೆಲ್ಲ ಏಕವಚನದಲ್ಲೇ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟದವರಿಗೆ ನಾವು ಏಕವಚನ ಬಳಸೋದೇ ಅಲ್ವಾ.

ಬರೆಯೋಕೆ ಕಾರಣ ಇದೆ. ಮೊನ್ನೆ ಆಫೀಸಲ್ಲಿ ಟೀ ಟೈಮಲ್ಲಿ ಒಬ್ಬರು, "ಕೋಚ್ ಏನ್ರೀ ಮಾಡ್ತಾನೆ, ಆಡೋರು ಆಡ್ತಾರೆ, ಗೆದ್ದರೆ ಇವನು ಬಂದು ಫೋಟೋಗೆ ನಿಲ್ತಾನೆ" ಅಂದರು. ಅದೇ ಮನುಷ್ಯ ಹತ್ತು ನಿಮಿಷ ಆದ್ಮೇಲೆ ಇನ್ಯಾವುದೋ ಟೀಮ್ ಸೋತಿದ್ದಕ್ಕೆ ಕೋಚ್‌ನ ಮೊದಲು ಓಡಿಸಬೇಕು ಅಂತಲೂ ಅಂದರು. ಅಲ್ಲೇ ಜಗಳ ಆಡೋಕೆ ಮನಸ್ಸಾಗಲಿಲ್ಲ, ಇಲ್ಲಿ ಆಡ್ತಾ ಇದ್ದೀನಿ.

ಬೇಸ್‌ಬಾಲಲ್ಲಿ ಮ್ಯಾನೇಜರ್ ಅಂದ್ರೆ ನಮ್ಮ ಕ್ರಿಕೆಟ್ ಟೀಮಿನ ಮ್ಯಾನೇಜರ್ ತರ ಹೋಟೆಲ್ ರೂಮು, ಬಸ್ಸು ನೋಡಿಕೊಳ್ಳುವವನಲ್ಲ. ನಮ್ಮಲ್ಲಿ ಕ್ಯಾಪ್ಟನ್ ಮೈದಾನದಲ್ಲಿ ಮಾಡೋದನ್ನ ಅಲ್ಲಿ ಜಾಸ್ತಿ ಮಾಡೋನು ಅವನೇ. ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟಿಗೆ ಬರಬೇಕು, ಪಿಚರ್ (ಚೆಂಡು ಎಸೆಯೋನು) ಯಾವಾಗ ಬದಲಾಗಬೇಕು, ಎಲ್ಲ ಅವನದ್ದೇ ತೀರ್ಮಾನ. ಎಪ್ಪತ್ತು ದಾಟಿದರೂ ಆಟಗಾರರ ಹಾಗೇ ಯೂನಿಫಾರ್ಮ್ ಹಾಕಿಕೊಂಡು ಬರಬೇಕು. ಪಿಚರ್‌ನ ತೆಗೆಯೋದಾದರೆ ಡಗೌಟಿಂದ ಎದ್ದು, ಸಾವಿರಾರು ಜನ ನೋಡ್ತಾ ಇರೋವಾಗ ಮೈದಾನದ ಮಧ್ಯಕ್ಕೆ ನಡೆದುಹೋಗಿ ಅವನ ಕೈಯಿಂದ ಚೆಂಡು ಇಸ್ಕೊಳ್ಳಬೇಕು. ತೆಗೆದ ಪಿಚರ್ ಆ ಪಂದ್ಯದಲ್ಲಿ ಮತ್ತೆ ಚೆಂಡು ಹಿಡಿಯೋ ಹಾಗಿಲ್ಲ. ಅಂದ್ರೆ ತಪ್ಪಾದರೆ ಎಲ್ಲರ ಎದುರಿಗೇ ಆಗುತ್ತೆ, ತಿದ್ದಿಕೊಳ್ಳೋಕೂ ದಾರಿ ಇಲ್ಲ.

ಡಸ್ಟಿ ಹುಟ್ಟಿದ್ದು 1949ರಲ್ಲಿ, ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ನಿಜವಾದ ಹೆಸರು ಜಾನಿ. ಹಿತ್ತಲಲ್ಲಿ ಮಣ್ಣಿರೋ ಜಾಗ ಹುಡುಕಿ ಅಲ್ಲೇ ಹೊರಳಾಡುತ್ತಿದ್ದ ಅಂತ ತಾಯಿ ಇಟ್ಟ ಹೆಸರು ಡಸ್ಟಿ, ಧೂಳ ಅನ್ನೋ ಹಾಗೆ. 1967ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಡ್ರಾಫ್ಟ್‌ನ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋದು) 26ನೇ ಸುತ್ತಿನಲ್ಲಿ ಅವನನ್ನ ಆರಿಸಿಕೊಂಡಿತು. 26ನೇ ಸುತ್ತು ಅಂದ್ರೆ ಬಂದರೆ ಬರಲಿ, ಹೋದರೆ ಹೋಗಲಿ ಅನ್ನೋ ಲೆಕ್ಕ. ಕಪ್ಪು ಹುಡುಗ, ಹದಿನೆಂಟು ವರ್ಷ, ಆ ಕಾಲದ ಅಮೆರಿಕದ ದಕ್ಷಿಣಕ್ಕೆ ಆಡೋಕೆ ಹೋಗಬೇಕು. ಯಾವ ತಾಯಿ ತಾನೇ ನೆಮ್ಮದಿಯಾಗಿ ಕಳಿಸ್ತಾಳೆ? ಆಗ ಅದೇ ತಂಡದ ದೊಡ್ಡ ಆಟಗಾರ ಹ್ಯಾಂಕ್ ಆರನ್, ನಿಮ್ಮ ಹುಡುಗನನ್ನ ನನ್ನ ಮಗನ ಹಾಗೆ ನೋಡಿಕೊಳ್ತೀನಿ ಅಂತ ಆ ತಾಯಿಗೆ ಮಾತು ಕೊಟ್ಟ.

ಕೊಟ್ಟ ಮಾತು ಉಳಿಸಿಕೊಂಡ ಕೂಡ. 1974ರ ಏಪ್ರಿಲ್ 8ರಂದು ಆರನ್ 715ನೇ ಹೋಮ್ ರನ್ (ನಮ್ಮ ಸಿಕ್ಸರ್ ತರ) ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ, ಮುಂದಿನ ಬ್ಯಾಟಿಗಾಗಿ ಪಕ್ಕದಲ್ಲೇ ಕಾಯ್ತಾ ನಿಂತಿದ್ದವನು ಡಸ್ಟಿ. ಕಪ್ಪು ಮನುಷ್ಯ ಬಿಳಿಯನ ದಾಖಲೆ ಮುರೀತಾನೆ ಅನ್ನೋ ಒಂದೇ ಕಾರಣಕ್ಕೆ ಆರನ್‌ಗೆ ಕೊಲ್ಲುತ್ತೀವಿ ಅನ್ನೋ ಕಾಗದಗಳು ಬರ್ತಿದ್ದವು. ಹಾಗಿದ್ದೂ ದಿನಾ ಮೈದಾನಕ್ಕೆ ಬಂದು ಆಡಿ, ಜೊತೆಗೆ ಚಿಕ್ಕ ಹುಡುಗರನ್ನೂ ನೋಡಿಕೊಳ್ಳೋ ಹಿರಿಯ ಹೇಗಿರ್ತಾನೆ ಅಂತ ಈ ಹುಡುಗ ಪಕ್ಕದಲ್ಲೇ ಇದ್ದು ನೋಡಿದ. ಡಸ್ಟಿಯ ಕೋಚಿಂಗ್ ಶುರುವಾಗಿದ್ದು ಅಲ್ಲೇ, ಆಗಿನ್ನೂ ಅವನಿಗೆ 24 ವರ್ಷ ಅಂತ ನನಗನಿಸುತ್ತೆ.

ಆಟಗಾರನಾಗಿ ಒಳ್ಳೆಯವನೇ. 242 ಹೋಮ್ ರನ್, 1,981 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪೋದು), ಲಾಸ್ ಏಂಜಲೀಸ್ ಡಾಡ್ಜರ್ಸ್ ಜೊತೆ 1981ರಲ್ಲಿ ವರ್ಲ್ಡ್ ಸೀರೀಸ್. ಇದನ್ನ ಬೇಗ ದಾಟಿಬಿಡ್ತೀನಿ, ಒಂದನ್ನ ಬಿಟ್ಟು. 1977ರ ಅಕ್ಟೋಬರ್ 2ಕ್ಕೆ ಅವನು ಆ ವರ್ಷದ 30ನೇ ಹೋಮ್ ರನ್ ಹೊಡೆದು ಓಡಿ ಬಂದಾಗ, ಗ್ಲೆನ್ ಬರ್ಕ್ ಅನ್ನೋ ಜೊತೆಗಾರ ಕೈ ಮೇಲೆತ್ತಿ ನಿಂತಿದ್ದ. ಏನು ಮಾಡಬೇಕು ಅಂತ ಹೊಳೆಯದೆ ಡಸ್ಟಿ ಆ ಕೈಗೆ ಪಟ್ ಅಂತ ತಟ್ಟಿದ. ಜಗತ್ತಿನ ಮೊದಲ ಹೈ ಫೈವ್ ಅದೇ ಅಂತ ತುಂಬಾ ಜನ ಹೇಳ್ತಾರೆ. ನಿಮ್ಮ ಮಕ್ಕಳು ಸ್ಕೂಲಿಂದ ಬಂದು ಹೈ ಫೈವ್ ಅಂತ ಕೈ ಚಾಚ್ತಾರಲ್ಲ, ಅದು.

ಆಟ ಬಿಟ್ಟ ಮೇಲೆ 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಕೋಚ್ ಆಗಿ ಸೇರಿದ. 1993ಕ್ಕೆ ಮ್ಯಾನೇಜರ್. ಹಿಂದಿನ ವರ್ಷ 72 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 103 ಗೆದ್ದಿತು. ಆದರೂ ಪ್ಲೇ ಆಫ್‌ಗೆ ಹೋಗಲಿಲ್ಲ! ಯಾಕಂದ್ರೆ ಆಗ ಗುಂಪಿಗೆ ಒಂದೇ ತಂಡ ಮುಂದಕ್ಕೆ ಹೋಗೋದು, ಅಟ್ಲಾಂಟಾ 104 ಗೆದ್ದಿತ್ತು. ಕೊನೇ ದಿನ ಡಾಡ್ಜರ್ಸ್ ಕೈಯಲ್ಲಿ 12-1ರಿಂದ ಸೋತು ಮನೆಗೆ. ಅವನನ್ನ ಸೋಲಿಸಿದ್ದು ಅವನು ಆಡಿದ ಹಳೇ ತಂಡ, ಮುಂದೆ ಹೋಗಿದ್ದು ಅದಕ್ಕಿಂತ ಹಳೇ ತಂಡ. ಮೊದಲ ವರ್ಷವೇ ಹಣೆಬರಹ ತೋರಿಸಿಬಿಟ್ಟಿತ್ತು ಅನ್ನಿ.

ಆಮೇಲೆ 2002. ಏಂಜಲ್ಸ್ ವಿರುದ್ಧ ವರ್ಲ್ಡ್ ಸೀರೀಸ್, ಏಳರಲ್ಲಿ ನಾಲ್ಕು ಗೆಲ್ಲಬೇಕು, ಜೈಂಟ್ಸ್ 3-2ರಲ್ಲಿ ಮುಂದೆ. ಆರನೇ ಪಂದ್ಯದಲ್ಲಿ ಏಳನೇ ಇನ್ನಿಂಗ್ಸ್‌ಗೆ 5-0. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದಕ್ಕೆ ಮೂರು ಔಟ್, ಅಂದ್ರೆ ಇನ್ನು ಎಂಟೇ ಎಂಟು ಔಟ್ ಬೇಕು. ಡಸ್ಟಿ ನಡೆದು ಹೋಗಿ ಪಿಚರ್ ರಸ್ ಒರ್ಟಿಜ್‌ನ ತೆಗೆದ. ತೆಗೆದವನು ಚೆಂಡನ್ನ ಅವನ ಕೈಗೇ ವಾಪಸ್ ಕೊಟ್ಟ, ನೆನಪಿಗೆ ಇಟ್ಕೋ ಅನ್ನೋ ಹಾಗೆ. ಚೆನ್ನಾಗಿ ಆಡಿದ ಹುಡುಗನಿಗೆ ಒಂದು ಪ್ರೀತಿ. ಅಷ್ಟೇ. ಮುಂದಿನ ಪಿಚರ್‌ಗೆ ಸ್ಕಾಟ್ ಸ್ಪೀಜಿಯೋ ಮೂರು ರನ್ನಿನ ಹೋಮ್ ರನ್ ಹೊಡೆದ. 6-5ಕ್ಕೆ ಸೋಲು. ಮರುದಿನ ಏಳನೇ ಪಂದ್ಯವೂ ಹೋಯಿತು. ಆ ಚೆಂಡು ಕೊಟ್ಟಿದ್ದನ್ನ ಎಷ್ಟು ವರ್ಷ ಆಡಿಕೊಂಡರು ಅಂದ್ರೆ, ಚೆಂಡು ಕೊಟ್ಟಿದ್ದಕ್ಕೇ ಸ್ಪೀಜಿಯೋ ಬ್ಯಾಟಿಗೆ ಶಕ್ತಿ ಬಂತೇನೋ ಅನ್ನೋ ತರ.

ಅದೇ ಸೀರೀಸ್‌ನ ಐದನೇ ಪಂದ್ಯದ ಒಂದು ವಿಡಿಯೋ ಇದೆ, ಭಾವ ಆ ರಾತ್ರಿ ಫೋನಲ್ಲಿ ಅಮ್ಮನಿಗೆ ತೋರಿಸಿದರು. ಡಸ್ಟಿ ಮಗ ಡ್ಯಾರನ್, ಮೂರೂವರೆ ವರ್ಷ, ತಂಡದ ಬ್ಯಾಟ್ ಎತ್ತಿಕೊಂಡು ಬರೋ ಹುಡುಗ. ಮೈಗಿಂತ ದೊಡ್ಡ ಜಾಕೆಟ್. ಕೆನ್ನಿ ಲಾಫ್ಟನ್ ಹೊಡೆದ ಮೇಲೆ ಅವನ ಬ್ಯಾಟ್ ತರಬೇಕು ಅಂತ ಆಟ ನಡೀತಾ ಇರೋವಾಗಲೇ ಪುಟಪುಟ ಅಂತ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್ ಹತ್ತಿರ ಓಡಿದ. ಅದೇ ಹೊತ್ತಿಗೆ ರನ್ ಪೂರೈಸಿದ ಜೆ. ಟಿ. ಸ್ನೋ, ಹಿಂದಿನಿಂದ ಇನ್ನೊಬ್ಬ ದೈತ್ಯ ಓಡಿ ಬರ್ತಿದ್ದಾನೆ ಅಂತ ನೋಡಿ, ಮಗುವಿನ ಜಾಕೆಟ್ ಹಿಡಿದು ಬೆಕ್ಕಿನ ಮರಿ ಎತ್ತೋ ಹಾಗೆ ಎತ್ತಿಕೊಂಡು ಹೋದ. ಒಂದೇ ಒಂದು ಕ್ಷಣ. ಅಮ್ಮ, "ಅಯ್ಯೋ, ಮಗುನ ಅಲ್ಲಿ ಬಿಟ್ಟೋರು ಯಾರು, ಅವರಮ್ಮ ಎಲ್ಲಿ" ಅಂತ ಭಾವನಿಗೇ ಬೈದಳು. ಆಮೇಲೆ ಬ್ಯಾಟ್ ಹುಡುಗರಿಗೆ ಕನಿಷ್ಠ 14 ವರ್ಷ ಆಗಿರಬೇಕು ಅನ್ನೋ ನಿಯಮ ಬಂತು.

ಮುಂದಿನ ವರ್ಷ ಶಿಕಾಗೋ ಕಬ್ಸ್. ಆಗ 1908ರಿಂದ ಕಪ್ ಕಾಣದಿದ್ದ ತಂಡ. ನಮ್ಮ ಹದಿನೆಂಟು ವರ್ಷದ ಕಾಯುವಿಕೆಯೆಲ್ಲ ಅದರ ಮುಂದೆ ಏನೂ ಅಲ್ಲ. 2003ರ ಅಕ್ಟೋಬರ್ 14, ವರ್ಲ್ಡ್ ಸೀರೀಸ್ ತಲುಪೋಕೆ ಐದು ಔಟ್ ಬಾಕಿ, 3-0 ಮುನ್ನಡೆ, ಒಂದೇ ಇನ್ನಿಂಗ್ಸ್‌ನಲ್ಲಿ ಎದುರಾಳಿ ಮಾರ್ಲಿನ್ಸ್ ಎಂಟು ರನ್ ಬಾರಿಸಿತು. ಊರೆಲ್ಲ ಸೇರಿ ಗ್ಯಾಲರಿಯಲ್ಲಿ ಚೆಂಡಿಗೆ ಕೈ ಹಾಕಿದ ಒಬ್ಬ ಬಡಪಾಯಿ ಪ್ರೇಕ್ಷಕನನ್ನ ಬೈದರು. ಸುಲಭದ ಚೆಂಡು ಬಿಟ್ಟ ಫೀಲ್ಡರ್‌ನ ಅಷ್ಟಾಗಿ ಯಾರೂ ಬೈಯಲಿಲ್ಲ. ಡಸ್ಟಿಯನ್ನ ಬೈದರು, ಮತ್ತು ಇದರಲ್ಲಿ ಸ್ವಲ್ಪ ನಿಜ ಇದೆ ಅಂತ ಒಪ್ಪಿಕೊಳ್ಳಬೇಕು. ಮಾರ್ಕ್ ಪ್ರಯರ್‌ನ ಬೇಗ ತೆಗೀಬೇಕಿತ್ತು. ಆ ವರ್ಷ ಪೂರ್ತಿ ಪ್ರಯರ್, ಕೆರಿ ವುಡ್ ಇಬ್ಬರಿಂದಲೂ ಜಾಸ್ತಿ ಎಸೆಸಿದ. ಪ್ರಯರ್‌ಗೆ ಭುಜದ ತೊಂದರೆ ಶುರುವಾಗಿ 2006ಕ್ಕೇ ದೊಡ್ಡ ಲೀಗಿನ ಆಟ ಮುಗಿಯಿತು. ಗಾಯಕ್ಕೆ ಡಸ್ಟಿಯೊಬ್ಬನೇ ಕಾರಣ ಅಂತ ನಾನು ಒಪ್ಪಲ್ಲ. ಆದರೆ ಅಭಿಮಾನ ಅಂತ ಇದನ್ನ ಮುಚ್ಚಿಟ್ಟು ಬರೆದರೆ ಅದು ಹೊಗಳುಭಟ್ಟರ ಕೆಲಸ.

ಆಮೇಲೆ ಸಿನ್ಸಿನಾಟಿ ರೆಡ್ಸ್. 2013ರಲ್ಲಿ 90 ಪಂದ್ಯ ಗೆಲ್ಲಿಸಿದ, ತೆಗೆದರು. ವಾಷಿಂಗ್ಟನ್ ನ್ಯಾಷನಲ್ಸ್‌ನಲ್ಲಿ ಎರಡು ವರ್ಷ 95, 97 ಗೆಲುವು, ಎರಡೂ ಸಲ ಪ್ಲೇ ಆಫ್ ಮೊದಲ ಸುತ್ತಲ್ಲಿ ಸೋಲು, ತೆಗೆದರು. ಎರಡು ವರ್ಷ ಆದ್ಮೇಲೆ ಅದೇ ನ್ಯಾಷನಲ್ಸ್ ಕಪ್ ಗೆದ್ದಿತು! ಇವನು ಮನೆಯಲ್ಲಿ. ಈ ವಯಸ್ಸಿಗೆ ಇನ್ನು ಯಾರು ಕರೀತಾರೆ, ಕಥೆ ಮುಗೀತು ಅಂತ ಎಲ್ಲರೂ ಅಂದುಕೊಂಡಿದ್ದರು.

ಕರೆದವರು ಯಾರು ಗೊತ್ತಾ? ಅವಮಾನದಲ್ಲಿ ಮುಳುಗಿದ್ದ ಆಸ್ಟ್ರೋಸ್. 2017ರಲ್ಲಿ ಕಪ್ ಗೆದ್ದ ಆ ತಂಡ, ಎದುರಾಳಿ ಪಿಚರ್‌ಗೆ ಹೋಗೋ ಸನ್ನೆಗಳನ್ನ ಕ್ಯಾಮೆರಾದಲ್ಲಿ ಕದ್ದು ನೋಡಿ, ಡಗೌಟ್ ಪಕ್ಕದಲ್ಲಿ ಕಸದ ಡಬ್ಬಿ ಬಡಿದು ತನ್ನ ಬ್ಯಾಟರ್‌ಗೆ ತಿಳಿಸ್ತಿತ್ತು ಅಂತ ಬಯಲಾಗಿತ್ತು. ಕೋಟ್ಯಂತರ ಡಾಲರಿನ ತಂಡ, ಕಸದ ಡಬ್ಬಿ! 2020ರ ಜನವರಿಯಲ್ಲಿ ಮ್ಯಾನೇಜರ್, ಜನರಲ್ ಮ್ಯಾನೇಜರ್ ಇಬ್ಬರೂ ಮನೆಗೆ. ಅದೇ ತಿಂಗಳ ಕೊನೆಗೆ 70 ವರ್ಷದ ಡಸ್ಟಿ ಬಂದ. ಹೋದ ಊರಲ್ಲೆಲ್ಲ ಬೈಗುಳ ತಿನ್ನೋ ಆಟಗಾರರು. ಅದರಲ್ಲಿ ಎಷ್ಟೋ ಜನಕ್ಕೆ ಸ್ಪ್ಯಾನಿಷ್ ಮಾತೃಭಾಷೆ. ಇವನಿಗೆ ಸ್ಪ್ಯಾನಿಷ್ ಬರುತ್ತೆ, ಬೈಗುಳದ ನಡುವೆ ಆಡೋದು ಹೇಗೆ ಅಂತಲೂ ಆರನ್ ಪಕ್ಕದಲ್ಲಿ ನಿಂತು ಕಲಿತಿದ್ದ. ಆದರೆ ಆರನ್ ಏನೂ ತಪ್ಪು ಮಾಡಿರಲಿಲ್ಲ, ಇವರು ಮಾಡಿದ್ದರು. ತಪ್ಪು ಮಾಡಿದವರನ್ನೂ ಮನೆಮಕ್ಕಳ ಹಾಗೆ ನೋಡಿಕೊಂಡಿದ್ದು ಸರಿಯಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಭಾವನ ಹತ್ತಿರ ಇದೆ, ಆದರೆ ಅವರು ಆಸ್ಟ್ರೋಸ್ ಕಡೆಯವರು.

2021ರ ಜನವರಿಯಲ್ಲಿ ಆರನ್ ತೀರಿಕೊಂಡ. ಅದೇ ವರ್ಷ ಡಸ್ಟಿ ವರ್ಲ್ಡ್ ಸೀರೀಸ್ ಸೋತ, ಅದೂ ಅಟ್ಲಾಂಟಾಗೆ, ಆರನ್ ಅವನನ್ನ ಬೆಳೆಸಿದ ತಂಡಕ್ಕೆ. ಕಥೆಯಲ್ಲಿ ಹೀಗೆ ಬರೆದರೆ ಜಾಸ್ತಿ ಆಯ್ತು ಅಂತೀರಿ.

2022ರ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ ಕ್ರಿಸ್ಟಿಯನ್ ಹಾವಿಯೆರ್ ಆರು ಇನ್ನಿಂಗ್ಸ್ ಒಂದೂ ಹಿಟ್ ಕೊಡದೆ ಎಸೆದ. 97 ಎಸೆತ ಆಗಿತ್ತು. ಅವನನ್ನೇ ಬಿಟ್ಟಿದ್ದರೆ ಹುಡುಗ ಒಬ್ಬನೇ ಚರಿತ್ರೆ ಬರೀತಿದ್ದನೇನೋ. ಡಸ್ಟಿ ತೆಗೆದ. ಉಳಿದ ಮೂರು ಇನ್ನಿಂಗ್ಸ್‌ನ ಮೂವರು ಹಂಚಿಕೊಂಡು, ಅವರೂ ಹಿಟ್ ಕೊಡದೆ ಮುಗಿಸಿದರು. ವರ್ಲ್ಡ್ ಸೀರೀಸ್ ಚರಿತ್ರೆಯಲ್ಲಿ ಅದು ಎರಡನೇ ಸಲ ಅಷ್ಟೇ. ಹುಡುಗರ ಭುಜ ಹಾಳು ಮಾಡ್ತಾನೆ ಅಂತ ಇಪ್ಪತ್ತು ವರ್ಷ ಬೈಸಿಕೊಂಡ ಮನುಷ್ಯ ಇವನೇ ಅಲ್ವಾ? ಅದನ್ನ ಅವತ್ತು ಯಾರೂ ಜಾಸ್ತಿ ಬರೆಯಲಿಲ್ಲ.

ಮತ್ತೆ ಆ ಶನಿವಾರ ರಾತ್ರಿ. ಆರನೇ ಇನ್ನಿಂಗ್ಸ್‌ನಲ್ಲಿ ಯೋರ್ಡಾನ್ ಆಲ್ವಾರೆಜ್ ಹೊಡೆದ ಚೆಂಡು ಎಲ್ಲಿ ಹೋಯ್ತು ಅಂತ ಕ್ಯಾಮೆರಾಕ್ಕೇ ಹುಡುಕೋದು ಕಷ್ಟ ಆಯ್ತು. ಭಾವ ಪಾಪು ಮಲಗಿದೆ ಅನ್ನೋದು ಮರೆತು ಕೂಗಿ, ಒಳಗಿಂದ ಅಕ್ಕನ ಬೈಗುಳ ತಿಂದರು. 4-1. ಕೊನೇ ಔಟ್‌ಗೆ ಬಲಗಡೆ ಗೆರೆಯ ಆಚೆ ಎದ್ದ ಚೆಂಡನ್ನ ಕೈಲ್ ಟಕರ್ ಓಡಿ ಹಿಡಿದ. ಆ ಹೊತ್ತಿಗೆ ಡಸ್ಟಿ ತಲೆ ಬಗ್ಗಿಸಿ ತನ್ನ ಸ್ಕೋರ್ ಪುಸ್ತಕದಲ್ಲಿ ಏನೋ ಬರೆದುಕೊಳ್ತಾ ಇದ್ದ. ಮ್ಯಾನೇಜರ್ ಆಗಿ 25ನೇ ವರ್ಷ, ಕೈಗೆ ಬಂದು ಎರಡು ಸಲ ಜಾರಿದ ಕಪ್, ಇವನು ಲೆಕ್ಕ ಬರೀತಿದ್ದಾನೆ. ಕೋಚ್‌ಗಳೆಲ್ಲ ಮೇಲೆ ಬಿದ್ದು ತಬ್ಬಿಕೊಂಡರು.

ವರ್ಲ್ಡ್ ಸೀರೀಸ್ ಗೆದ್ದ ಅತಿ ಹಿರಿಯ ಮ್ಯಾನೇಜರ್. 2023ರಲ್ಲಿ ನಿವೃತ್ತಿ ಆದಾಗ ಲೆಕ್ಕ 2,183 ಗೆಲುವು, ಎರಡು ಸಾವಿರ ದಾಟಿದ ಮೊದಲ ಕಪ್ಪು ಮ್ಯಾನೇಜರ್. ಕಾಮೆಂಟಲ್ಲಿ "ನಮ್ಮ ದ್ರಾವಿಡ್" ಅಂತ ಬರೆಯೋಕೆ ಹೊರಟಿರೋರು ಬರೀರಿ, ನನಗೂ ಬಾರ್ಬಡೋಸ್ ನೆನಪಾಗಿತ್ತು. ಆದರೆ ನನ್ನ ತಕರಾರು ಬೇರೆ. ಟಕರ್ ಕೈಯಿಂದ ಆ ಚೆಂಡು ಜಾರಿ, ಸೀರೀಸ್ ಕೈತಪ್ಪಿದ್ದರೆ, ಡಸ್ಟಿ ಇವತ್ತಿಗೂ "ಕಪ್ ಗೆಲ್ಲದ ಮ್ಯಾನೇಜರ್" ಆಗಿರ್ತಿದ್ದ. ಅವನು ಮಾಡಿದ ಕೆಲಸ ಮಾತ್ರ ಅಷ್ಟೇ ಇರ್ತಿತ್ತು. ಟೀ ಟೈಮ್ ಗೆಳೆಯರೇ, ಇದಕ್ಕೆ ಉತ್ತರ ಕೊಡಿ.

ಕೊನೇದಾಗಿ, 2024ರ ಸೆಪ್ಟೆಂಬರ್ 1ಕ್ಕೆ ಡ್ಯಾರನ್ ಬೇಕರ್ ದೊಡ್ಡ ಲೀಗಿಗೆ ಬಂದ. ವಾಷಿಂಗ್ಟನ್ ಪರವಾಗಿ, ಶಿಕಾಗೋ ವಿರುದ್ಧ. ಎರಡೂ ಅಪ್ಪನನ್ನ ಸಾಕು ಅಂತ ಕಳಿಸಿದ ತಂಡಗಳೇ. ಮೊದಲ ಸಲ ಬ್ಯಾಟ್ ಹಿಡಿದಾಗಲೇ ಹಿಟ್. ಭಾವ ಫ್ಯಾಮಿಲಿ ಗ್ರೂಪಿಗೆ ವಿಡಿಯೋ ಹಾಕಿದರು. ಅಮ್ಮ ನನ್ನ ಫೋನಲ್ಲಿ ಎರಡು ಸಲ ನೋಡಿದಳು. "ಹಲ್ಲುಕಡ್ಡಿ ಅಜ್ಜನ ಮಗುನಾ ಇದು? ಅವತ್ತು ಎತ್ಕೊಂಡು ಓಡಿದ್ರಲ್ಲ, ಅದೇನಾ?" ಹೌದು ಅಂದೆ. ಸ್ವಲ್ಪ ಹೊತ್ತು ನೋಡಿ, "ಸಣ್ಣ ಆಗಿದ್ದಾನೆ ಕಣೋ, ಸರಿಯಾಗಿ ಊಟ ಮಾಡಲ್ವೇನೋ" ಅಂತ ಫೋನ್ ವಾಪಸ್ ಕೊಟ್ಟಳು.