ಯಂತ್ರ ಬಂದರೆ ಸಾಲದು, ರೋಗಿಗೆ ಮಂಚವೂ ಬೇಕು

ನಮ್ಮ ಭಾಗಕ್ಕೆ ಕ್ಯಾನ್ಸರ್ ಚಿಕಿತ್ಸೆಯ ಇನ್ನೊಂದು ವಿಕಿರಣ ಯಂತ್ರ ಬೇಕು ಎಂದು ಮನವಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕೊಡಲಿ. ಆದರೆ ಆ ಯಂತ್ರದ ಹತ್ತಿರ ಆರೇಳು ವಾರ ಉಳಿಯಲು ಒಂದು ಮಂಚ, ನುಂಗಲು ಬರುವಂಥ ಊಟ ಬೇಕು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಬೀದರಿನವರು ಹೈದರಾಬಾದಿನ ಹಾದಿ ಹಿಡಿಯುತ್ತಾರೆ, ಅಫಜಲಪುರ, ಆಳಂದದ ಕಡೆಯವರು ಸೊಲ್ಲಾಪುರ, ಬಾರ್ಶಿಗೆ ಹೋಗುತ್ತಾರೆ. ಎಲ್ಲಿಗೆ ಹೋದರೂ ಕೋಣೆಯ ಬಾಡಿಗೆ ತಪ್ಪಿದ್ದಲ್ಲ.

ಗುಟ್ಕಾ, ತಂಬಾಕು ನಮ್ಮಲ್ಲಿ ಎಷ್ಟು ಬಾಯಿಗಳನ್ನು ಕೆಡಿಸಿವೆ ಎಂದು ಹೇಳಬೇಕಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ವಿಕಿರಣದ ಅಳತೆ) ಪ್ರಮಾಣದಂತೆ, ವಾರಕ್ಕೆ ಐದು ದಿನ, ಸುಮಾರು 33ರಿಂದ 35 ಸಲ ವಿಕಿರಣ ಕೊಡುತ್ತಾರೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಹೀಗೆ ತುಂಡು ತುಂಡಾಗಿ ಕೊಡುವುದಕ್ಕೆ ಕಾರಣವಿದೆ: ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಜೀವಕೋಶಗಳು ತಮ್ಮನ್ನು ದುರಸ್ತಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟು ಸಾಧ್ಯವಾಗುವುದಿಲ್ಲ. ಆದರೆ ಬಿಡುವು ಲೆಕ್ಕ ಮೀರಿದರೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಚಿಕಿತ್ಸೆ ಒಂದು ದಿನ ಎಳೆದಂತೆಲ್ಲ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ ಎಂಬುದು ಈ ಚಿಕಿತ್ಸೆ ಕೊಡುವ ವೈದ್ಯರೆಲ್ಲ ಬಲ್ಲ ಮಾತು. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಂತೂ ಹೊರಗಿನಿಂದ ಯಂತ್ರ ಕೊಡುವ ವಿಕಿರಣ, ದೇಹದೊಳಗೆ ವಿಕಿರಣದ ಮೂಲವಿಟ್ಟು ಕೊಡುವ ವಿಕಿರಣ ಎರಡೂ ಸೇರಿ 8 ವಾರದೊಳಗೆ ಮುಗಿಯಬೇಕು.

ಜನ ಚಿಕಿತ್ಸೆಯನ್ನು ನಡುವೆ ಬಿಡುವುದು ಯಾವಾಗ? ಮೂರನೆಯ, ನಾಲ್ಕನೆಯ ವಾರದಲ್ಲಿ. ಬಾಯೆಲ್ಲ ಹುಣ್ಣು, ಜೊಲ್ಲು ಒಣಗಿ ಜೋಳದ ರೊಟ್ಟಿಯ ಚೂರೂ ಗಂಟಲಲ್ಲಿ ಇಳಿಯುವುದಿಲ್ಲ. ಇತ್ತ ಕ್ಯಾನ್ಸರ್ ಗಂಟು ಕರಗಿದಂತೆ ಕಾಣುತ್ತದೆ, ಅತ್ತ ಕೈಯಲ್ಲಿದ್ದ ಹಣ ಮುಗಿದಿರುತ್ತದೆ. ಚಿಂಚೋಳಿ ಕಡೆಯ ನಮ್ಮ ಕಾಕಾ ತೊಗರಿ ರಾಶಿಯ ಹೊತ್ತಿಗೆ ಸರಿಯಾಗಿ ಎದ್ದು ಹೊರಟರು. "ಗಂಟು ಹೋಯಿತಲ್ಲವ್ವಾ, ರಾಶಿ ಮುಗಿಸಿ ಬರುತ್ತೇನೆ" ಎಂದರು. ಸಿಟ್ಟು ಬಂದಿತ್ತು. ಆದರೆ ವರ್ಷದ ದುಡಿಮೆಯೆಲ್ಲ ಹೊಲದಲ್ಲಿ ಬಿದ್ದಿರುವಾಗ, ದಿನವೂ ಲಾಡ್ಜಿನವನಿಗೆ ಹಣ ಎಣಿಸುವ ಮನುಷ್ಯನಿಗೆ ಯಾವ ಬಾಯಿಯಿಂದ ಬುದ್ಧಿ ಹೇಳುವುದು?

ಬಡವರಿಗೆ ಚಿಕಿತ್ಸೆಯ ವೆಚ್ಚವನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಭರಿಸುತ್ತದೆ, ನಿಜ. ಬಾಡಿಗೆ, ಊಟ, ಜೊತೆಗೆ ಬಂದ ಮಗನ ತಪ್ಪಿದ ಕೂಲಿ ಅದರಲ್ಲಿ ಬರುವುದಿಲ್ಲ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತ, ಆದರೆ ಸೊಲ್ಲಾಪುರದವರೆಗೆ ಆ ಚೀಟಿ ನಡೆಯುವುದಿಲ್ಲ.

ಇದರ ಮೇಲೆ ಮನೆಯವರ ಭಯ ಬೇರೆ. "ಕರೆಂಟ್ ಹಿಡಿಸಿಕೊಂಡು ಬಂದವರು" ಎಂದು ತಟ್ಟೆ, ಲೋಟ ಬೇರೆ ಇಡುತ್ತಾರೆ, ಮೊಮ್ಮಕ್ಕಳನ್ನು ದೂರ ಕೂರಿಸುತ್ತಾರೆ. ಹೊರಗಿನಿಂದ ಕೊಡುವ ವಿಕಿರಣ, ಯಂತ್ರ ನಿಂತ ಕ್ಷಣಕ್ಕೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಅಂಟುವುದೂ ಇಲ್ಲ.

ಶರಣಬಸವೇಶ್ವರರ ದಾಸೋಹದ ಊರು ನಮ್ಮದು. ಕಮಾನು ಕಟ್ಟಿಸಿ ಹೆಸರು ಕೆತ್ತಿಸುವ ದಾನಿಗಳಿಗೆ ಇಲ್ಲಿ ಬರವಿಲ್ಲ. ಅವರಲ್ಲಿ ನಾಲ್ವರು ಸೇರಿ ಆಸ್ಪತ್ರೆಯ ಹತ್ತಿರ ಒಂದು ಧರ್ಮಶಾಲೆ ಕಟ್ಟಿಸಲಿ. ಅಡುಗೆಮನೆಯಲ್ಲಿ ಗಂಜಿ, ತೆಳು ಬೇಳೆ, ಎಲ್ಲವನ್ನೂ ನುಣ್ಣಗೆ ಮಾಡುವ ಒಂದು ಮಿಕ್ಸರ್ ಇರಲಿ. ಕಮಾನಿಗಿಂತ ದೊಡ್ಡ ಅಕ್ಷರದಲ್ಲಿ ಹೆಸರು ಬರೆಸಿಕೊಂಡರೂ ನನ್ನ ತಕರಾರಿಲ್ಲ.

ಅಲ್ಲಿಯವರೆಗೆ, ಈಗ ಚಿಕಿತ್ಸೆಯಲ್ಲಿ ಇರುವವರಿಗೆ ಎರಡು ಮಾತು. ರೈಲಿನ ಸ್ಲೀಪರ್ ದರ್ಜೆಯಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರಿಯಾಯಿತಿ ಇದೆ, ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ವೈದ್ಯರಿಂದ ಬರೆಸಿಕೊಳ್ಳಿ. ಜ್ವರಕ್ಕೋ ಯಂತ್ರ ಕೆಟ್ಟಿದ್ದಕ್ಕೋ ಒಂದು ದಿನ ತಪ್ಪಿದರೆ ಸುಮ್ಮನಿರಬೇಡಿ. ಶನಿವಾರ ಕೊಡುವುದೋ, ಕನಿಷ್ಠ 6 ಗಂಟೆ ಅಂತರವಿಟ್ಟು ಒಂದೇ ದಿನ ಎರಡು ಸಲ ಕೊಡುವುದೋ ಸಾಧ್ಯವೇ ಎಂದು ಅಂದೇ ಕೇಳಿ.