ಬಾಟ್ ಉಂಡಿ ತಿನ್ನೋದಿಲ್ಲ

ಪಂಚಮಿಗೆ ಇನ್ನೂ ನಾಲ್ಕು ದಿನ ಇತ್ತು. ಧಾರವಾಡದಿಂದ ಮಾಸ್ತರ ಫೋನ್ ಬಂತು.

"ತಮ್ಮಾ, ಈ ಸಲ ಉಂಡಿ ಮಾಡಂಗಿಲ್ಲೇನು? ಮೇಲ್ ಬರಲೇ ಇಲ್ಲಲ್ಲ."

"ಕಳಿಸೀವಲ್ರಿ ಸರ್, ಸ್ಪ್ಯಾಮಿನ್ಯಾಗ ನೋಡ್ರಿ" ಅಂದೆ. ತಪ್ಪು ನಮ್ಮದಲ್ಲ ಅನ್ನಲು ಎಲ್ಲರೂ ಹೇಳುವ ಮಾತು ಅದೇ ಅಲ್ವಾ. ಆದರೆ ಅವರು ಆಗಲೇ ಅಲ್ಲಿ ನೋಡಿದ್ದರು. ಇರಲಿಲ್ಲ.

ನಮ್ಮ ವೈನಿ, ಅಂದರೆ ಅತ್ತಿಗೆ, ಹುಬ್ಬಳ್ಳಿಯ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ಪಂಚಮಿ ಬಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಗುಳ್ಳಡಕಿ ಉಂಡಿ. ಲೆಕ್ಕ ಮತ್ತು ಮೇಲ್ ನನ್ನ ಪಾಲಿಗೆ. ನಮ್ಮ ಪಟ್ಟಿಯಲ್ಲಿ 430 ಮಂದಿ ಇದ್ದಾರೆ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರೇ ಜಾಸ್ತಿ. ಮೇಲ್ ಓದಿ ಫೋನ್ ಮಾಡುತ್ತಾರೆ, ವೈನಿ ವಹಿಯಲ್ಲಿ ಬರೆದುಕೊಳ್ಳುತ್ತಾರೆ, ಪಾರ್ಸೆಲ್ ಹೋಗುತ್ತದೆ. ವಾಟ್ಸ್‌ಆ್ಯಪ್ ಯಾಕಲ್ಲ ಅಂತ ಕೇಳಬೇಡಿ. ಅಲ್ಲಿ ನಮ್ಮ ಮೆಸೇಜು ಗುಡ್ ಮಾರ್ನಿಂಗ್ ಹೂಗಳ ಕೆಳಗೆ ಮುಚ್ಚಿ ಹೋಗುತ್ತದೆ.

ಮಾಸ್ತರ ಹೆಸರು ಹುಡುಕಿದೆ. ಸಿಕ್ಕಿತು. "ಮಲಗಿದವರು" ಅನ್ನುವ ಪಟ್ಟಿಯಲ್ಲಿದ್ದರು! ಅವರೊಬ್ಬರೇ ಅಲ್ಲ, ಒಟ್ಟು 140 ಮಂದಿ. ನಮ್ಮ ಪಂಚಮಿ ಮೇಲ್ 290 ಮಂದಿಗಷ್ಟೇ ಹೋಗಿತ್ತು.

ಆದದ್ದು ಇಷ್ಟು. ಯುಗಾದಿ ಹೊತ್ತಿಗೆ ನಾವು ಬಳಸುವ ಮೇಲ್ ಸಾಫ್ಟ್‌ವೇರಿನಲ್ಲಿ ಒಂದು ಹೊಸ ಸೌಲಭ್ಯ ಬಂತು. ಮೇಲ್ ತೆರೆದದ್ದು ಮನುಷ್ಯನೋ ಬಾಟೋ, ಅಂದರೆ ತಾನಾಗಿ ಓಡುವ ಯಂತ್ರದ ಪ್ರೋಗ್ರಾಮೋ, ಅಂತ ಅದು ಬೇರೆ ಮಾಡುತ್ತದೆ. ಮೂರು ತಿಂಗಳು ಯಾವ ಮೇಲನ್ನೂ "ಮನುಷ್ಯ" ತೆರೆಯದಿದ್ದರೆ ಆ ವಿಳಾಸಕ್ಕೆ ಮುಂದೆ ಕಳಿಸುವುದಿಲ್ಲ. ಒಳ್ಳೆಯದೇ ಅನ್ನಿಸಿತು. ಟಿಕ್ ಹಾಕಿದವನು ನಾನೇ. ಕಾರ ಹುಣ್ಣಿಮೆಗೆ ಕಳಿಸಿದ ಮೇಲ್ ಎಷ್ಟು ಮಂದಿ ತೆರೆದರು ಅನ್ನುವ ರಿಪೋರ್ಟ್ ಬಂತು. ಮನುಷ್ಯರು 61, ಬಾಟ್ 148. ನಾನು ದೊಡ್ಡ ಶಾಣ್ಯಾನ ಹಾಗೆ ವೈನಿಗೆ ಹೇಳಿದೆ, "ಮಂದಿ ಓದಂಗಿಲ್ರಿ ವೈನಿ, ಈ ಸಲ ಶೇಂಗಾ ಬೆಲ್ಲ ಸ್ವಲ್ಪ ಕಡಿಮಿ ತರೂಣು." ಅವರು ಕಡಿಮೆಯೇ ತಂದರು. ಆ ಕಥೆ ಆಮೇಲೆ.

ಮೊದಲು, ಮೇಲ್ ತೆರೆದದ್ದು ಕಳಿಸಿದವರಿಗೆ ಹೇಗೆ ಗೊತ್ತಾಗುತ್ತದೆ? ಮೇಲಿನೊಳಗೆ ಕಣ್ಣಿಗೆ ಕಾಣದ ಒಂದು ಚಿತ್ರ ಇರುತ್ತದೆ. ಅಗಲ ಒಂದು ಪಿಕ್ಸೆಲ್, ಎತ್ತರ ಒಂದು ಪಿಕ್ಸೆಲ್. ಒಬ್ಬೊಬ್ಬರಿಗೂ ಬೇರೆ ಬೇರೆ ಲಿಂಕಿನ ಚಿತ್ರ. ನೀವು ಮೇಲ್ ತೆರೆದಾಗ ನಿಮ್ಮ ಫೋನು ಆ ಚಿತ್ರವನ್ನು ಸರ್ವರಿನಿಂದ ಕೇಳಿ ತರಿಸಿಕೊಳ್ಳುತ್ತದೆ. ಸರ್ವರು ಹೊತ್ತು ಬರೆದಿಟ್ಟುಕೊಳ್ಳುತ್ತದೆ. ಅಷ್ಟೇ. ಅಂದರೆ ಅವರಿಗೆ ತಿಳಿಯುವುದು ಚಿತ್ರ ಯಾರೋ ಕೇಳಿದರು ಅಂತ, ಮೇಲ್ ಯಾರೋ ಓದಿದರು ಅಂತ ಅಲ್ಲ.

ಗೊಂದಲ ಎಲ್ಲ ಇಲ್ಲೇ ಹುಟ್ಟುತ್ತದೆ. 2021ರ ಸೆಪ್ಟೆಂಬರಿನಲ್ಲಿ ಐಫೋನಿಗೆ ಐಓಎಸ್ 15 ಬಂತು. ಆ್ಯಪಲ್ಲಿನ ಮೇಲ್ ಆ್ಯಪು, ಬಳಸುವವರು ಒಪ್ಪಿದರೆ, ಚಿತ್ರಗಳನ್ನು ತನ್ನ ಸರ್ವರುಗಳ ಮೂಲಕ ಮೊದಲೇ ತಂದಿಡಲು ಶುರು ಮಾಡಿತು. ಮನುಷ್ಯ ತೆರೆಯಲಿ ಬಿಡಲಿ, ಲೆಕ್ಕದಲ್ಲಿ "ತೆರೆದರು" ಅಂತ ಬೀಳುತ್ತದೆ. ಇನ್ನು ದೊಡ್ಡ ಆಫೀಸುಗಳಲ್ಲಿ ಮೇಲ್ ಒಳಗೆ ಬರುವ ಮುಂಚೆಯೇ ಕಾವಲು ಸಾಫ್ಟ್‌ವೇರು ಪ್ರತಿ ಲಿಂಕನ್ನೂ ಒತ್ತಿ ನೋಡುತ್ತದೆ, ವೈರಸ್ ಇದೆಯೇನೋ ಅಂತ. ಅದೂ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಪಟ್ಟಿಯಲ್ಲೂ ಆಫೀಸಿನ ವಿಳಾಸ ಕೊಟ್ಟವರು ಇದ್ದಾರೆ. ಅವರಿಗೆ ಮೇಲ್ ಹೋದ ಎರಡೇ ಸೆಕೆಂಡಿನಲ್ಲಿ ಎಲ್ಲ ಲಿಂಕೂ ಒತ್ತಿದ ದಾಖಲೆ ಇರುತ್ತದೆ. ಪಟ್ಟಿಯಿಂದ ಹೆಸರು ತೆಗೆಸುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಕೂಡ! ಅದು ಖಂಡಿತ ಬಾಟ್. ಹಾಗಾಗಿ ಫಿಲ್ಟರ್ ಬೇಡ ಅಂತ ನಾನು ಹೇಳುತ್ತಿಲ್ಲ.

ಆದರೆ ಅದು ಹೇಗೆ ಗುರುತು ಹಿಡಿಯುತ್ತದೆ? ನಾನೇ ಪರೀಕ್ಷೆ ಮಾಡಿದೆ. ನನ್ನ ಜಿಮೇಲ್ ವಿಳಾಸಕ್ಕೆ ಒಂದು ಮೇಲ್ ಕಳಿಸಿಕೊಂಡೆ. ಟಿಂಗ್ ಅಂದ ಕೂಡಲೇ ತೆರೆದೆ. ಬಾಟ್. ಇನ್ನೊಂದು ಕಳಿಸಿಕೊಂಡು, ಚಾ ಕುಡಿದು ಅರ್ಧ ತಾಸಿನ ಮೇಲೆ ತೆರೆದೆ. ಮನುಷ್ಯ. ಅದೇ ಫೋನು, ಅದೇ ಜಿಮೇಲು, ಅದೇ ಬೆರಳು. ಮತ್ತೆ ಎರಡು ಸಲ ಮಾಡಿ ನೋಡಿದೆ. ಅದೇ ಉತ್ತರ.

ಜಿಮೇಲ್ 2013ರಿಂದ ಚಿತ್ರಗಳನ್ನು ಗೂಗಲ್ಲಿನ ಸರ್ವರುಗಳ ಮೂಲಕವೇ ತೋರಿಸುತ್ತದೆ. ಓದುಗರ ಗುಟ್ಟು ಕಾಯಲು ಅದು ಒಳ್ಳೆಯದೇ. ಆದರೆ ಚಿತ್ರ ಕೇಳಿದವರ ಇಂಟರ್ನೆಟ್ ವಿಳಾಸ ನೋಡಿದರೆ ಗೂಗಲ್ಲಿನ ಡೇಟಾ ಸೆಂಟರ್ ಕಾಣುತ್ತದೆ, ಧಾರವಾಡ ಕಾಣುವುದಿಲ್ಲ. ಯಾವ ಫೋನು, ಯಾವ ಊರು, ಏನೂ ತಿಳಿಯದು. ಹೀಗಿರುವಾಗ ಸಾಫ್ಟ್‌ವೇರಿನ ಕೈಯಲ್ಲಿ ಉಳಿಯುವುದು ಗಡಿಯಾರ ಒಂದೇ. ಬೇಗ ತೆರೆದೆಯಾ, ನೀನು ಯಂತ್ರ.

ಈಗ ಹೇಳಿ, ಮೇಲ್ ಬಂದ ಕೂಡಲೇ ತೆರೆಯುವವರು ಯಾರು? ನಮ್ಮ ಮೇಲಿಗಾಗಿ ಕಾಯುವವರು. ರಿಟೈರ್ ಆದವರು. ಫೋನು ಕೈಯಲ್ಲೇ ಇಟ್ಟುಕೊಂಡು ಕೂತವರು. ಅಂದರೆ ನಮ್ಮ ಮೇಲೆ ಎಲ್ಲರಿಗಿಂತ ಜಾಸ್ತಿ ಪ್ರೀತಿ ಇರುವವರನ್ನೇ ಆರಿಸಿ ಆರಿಸಿ ಹೊರಗೆ ಹಾಕುವ ಜರಡಿ ಇದು. ಜೊಳ್ಳು ಉಳಿಯಿತು, ಕಾಳು ಹೋಯಿತು.

ಲಿಂಕ್ ಒತ್ತಿದರೂ ಪಾರಾಗುವುದು ಕಷ್ಟ. ಒಂದೇ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ಟಿನ ಒಂದೇ ಮನೆ ನಂಬರಿನಿಂದ, ಬಹಳ ಕ್ಲಿಕ್ ಬಂದರೆ ಕೆಲವು ಫಿಲ್ಟರುಗಳಿಗೆ ಅನುಮಾನ. ನಮ್ಮ ಮೊಬೈಲ್ ನೆಟ್‌ವರ್ಕುಗಳಲ್ಲಿ ಎಷ್ಟೋ ಮಂದಿ ಒಂದೇ ಐಪಿ ವಿಳಾಸದ ಹಿಂದೆ ಇರುತ್ತಾರೆ. ವಠಾರಕ್ಕೆ ಒಂದೇ ಬಾಗಿಲು ಇದ್ದ ಹಾಗೆ.

ಇನ್ನೊಂದು ನಮ್ಮದೇ ತಪ್ಪು. ವೈನಿಗೆ ಮೇಲಿನಲ್ಲಿ ಪಂಚಮಿಯ ನೆನಪು, ಜೋಕಾಲಿ, ತವರುಮನೆ, ಉಂಡಿ ಕಟ್ಟುವ ಬಗೆ ಎಲ್ಲ ಬರೆಯುವ ಹುಮ್ಮಸ್ಸು. ಮೇಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ ಬಚ್ಚಿಡುತ್ತದೆ. ಆ ಕಾಣದ ಚಿತ್ರ ಸಾಮಾನ್ಯವಾಗಿ ಕೊನೆಯಲ್ಲೇ ಇರುವುದು. ಕತ್ತರಿಗೆ ಸಿಕ್ಕಿದರೆ ಓದಿದವರೂ ಓದದವರೇ. ಅದರ ಮೇಲೆ ನಮ್ಮ ಕನ್ನಡ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್ ಬೇಕು. "ರೊ" ಅಂದರೆ ರಕ್ಕೆ ಮೂರು, ಒತ್ವಕ್ಕೆ ಮೂರು. ವೈನಿಗೆ ಇದನ್ನು ಹೇಳಿದೆ. "ಅಂದ್ರ ಇಂಗ್ಲಿಷಿನ್ಯಾಗ ಉಂಡಿ ಕಟ್ಟಬೇಕೇನು?" ಅಂದರು. ಮಾತು ಅಲ್ಲಿಗೇ ಬಿಟ್ಟೆ.

ಆಮೇಲೆ ವಹಿ ತೆಗೆದೆ. ಯುಗಾದಿಯಿಂದ ಈಚೆಗೆ ಆರ್ಡರ್ ಕೊಟ್ಟವರ ಹೆಸರು ಒಂದೊಂದಾಗಿ ಆ 140ರ ಪಟ್ಟಿಯ ಜೊತೆ ಹೋಲಿಸಿದೆ. 27 ಹೆಸರು ಕೂಡಿದವು. 27 ಮಂದಿ ನಮಗೆ ಫೋನ್ ಮಾಡಿದ್ದಾರೆ, ಹಣ ಕಳಿಸಿದ್ದಾರೆ, ಚಟ್ನಿ ಉಂಡಿದ್ದಾರೆ. ಒಬ್ಬರಂತೂ ಉಪ್ಪು ಜಾಸ್ತಿ ಆಗಿತ್ತು ಅಂತ ಬೈದಿದ್ದಾರೆ. ಬಾಟ್ ಉಪ್ಪು ನೋಡುತ್ತದೆಯೇ?

ಕಂಪನಿಯವರಿಗೆ ಬರೆದೆ. ಇಂಥ ತಪ್ಪು ಸಹಜ, ಫಿಲ್ಟರನ್ನು ಸುಧಾರಿಸುತ್ತಿದ್ದೇವೆ ಅಂತ ಉತ್ತರ ಬಂತು. ಸುಧಾರಿಸಲಿ. ನನ್ನ ತಕರಾರು ಅದಲ್ಲ. ಊಹೆ ಮಾಡುವುದು ತಪ್ಪಲ್ಲ, ಊಹೆ ಅಂತ ಹೇಳದೆ ಎಣಿಕೆಯ ಹಾಗೆ ತೋರಿಸುವುದು ತಪ್ಪು. "ಬಾಟ್ 148" ಅಂತ ಬರೆದರೆ ನನ್ನಂಥವನು ನಂಬುತ್ತಾನೆ. ಮನುಷ್ಯ, ಯಂತ್ರ, ಗೊತ್ತಿಲ್ಲ ಅಂತ ಮೂರು ಗುಂಪು ಮಾಡಿ ತೋರಿಸಲಿ. ಗೊತ್ತಿಲ್ಲ ಅನ್ನುವುದೇ ದೊಡ್ಡ ಗುಂಪಾದರೂ ಪರವಾಗಿಲ್ಲ. ಖಚಿತವಾಗಿ ಹಿಡಿಯುವ ಉಪಾಯವೂ ಇದೆಯಲ್ಲ: ಕಣ್ಣಿಗೆ ಕಾಣದ ಲಿಂಕ್ ಒಂದನ್ನು ಮೇಲಿನಲ್ಲಿ ಇಡುವುದು. ಅದನ್ನು ಯಂತ್ರ ಒತ್ತಬಹುದು, ಮನುಷ್ಯ ಒತ್ತಲಾರ. ಅಷ್ಟು ಸಾಕ್ಷಿ ಇದ್ದರೆ ಬಾಟ್ ಅನ್ನಿ. ಬರೀ ಬೇಗ ತೆರೆದ ತಪ್ಪಿಗೆ ಅನ್ನಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಆ ಊಹೆಯ ಮೇಲೆ ಯಾರ ಹೆಸರನ್ನೂ ತಾನಾಗಿ ತೆಗೆಯಬಾರದು. ತೆಗೆಯುವ ಮುಂಚೆ ಒಂದು ಸಾಲು ಬರೆದು ಕೇಳಬಹುದು, ನಿಮಗೆ ಇನ್ನೂ ನಮ್ಮ ಮೇಲ್ ಬೇಕೇ ಅಂತ. ದಿನಕ್ಕೆ ಸಾವಿರಗಟ್ಟಲೆ ಮೇಲ್ ಕಳಿಸುವವರಿಗೆ ಗೂಗಲ್, ಯಾಹೂ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿವೆ. ಸ್ಪ್ಯಾಮ್ ಅಂತ ದೂರು ಬರುವುದು 0.3 ಶೇಕಡಾ ಮುಟ್ಟಬಾರದು. ಓದದವರಿಗೆ ಕಳಿಸುತ್ತ ಹೋದರೆ ದೂರು ಹೆಚ್ಚೀತು ಅನ್ನುವ ದೊಡ್ಡವರ ಭಯ ನನಗೆ ಅರ್ಥವಾಗುತ್ತದೆ. ನಾವು 430 ಮಂದಿಗೆ ಕಳಿಸುವವರು.

ಹೆಸರು ತಾನಾಗಿ ಬಿಡುವ ಆ ಟಿಕ್ ತೆಗೆದೆ, ರಿಪೋರ್ಟ್ ಮಾತ್ರ ಇರಲಿ ಅಂತ. 140 ಮಂದಿಗೂ ಮೇಲ್ ಕಳಿಸಿದೆ. ಆರ್ಡರ್ ಬರತೊಡಗಿದವು. ಆದರೆ ಶೇಂಗಾ ಉಂಡಿ ಎರಡೇ ದಿನಕ್ಕೆ ಖಾಲಿ. ತಂದದ್ದೇ ಕಡಿಮೆ ಅಲ್ವಾ. ವೈನಿ ನನ್ನನ್ನು ಬೈಯಲಿಲ್ಲ, ಸುಮ್ನೆ ನೋಡಿದರು.

ಮಾಸ್ತರ ಡಬ್ಬಿ ನಾನೇ ಒಯ್ದೆ. ಚಿಗರಿ ಬಸ್ ಹತ್ತಿ ಜುಬಿಲಿ ಸರ್ಕಲ್‌ನಲ್ಲಿ ಇಳಿದು ನಡೆದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಉಂಡಿ ಮುರಿಯುತ್ತ ಕೇಳಿದರು. "ಲಗೂನ ಉತ್ತರ ಬರೆದ ಹುಡುಗನ್ನ ಕಾಪಿ ಹೊಡದಾನ ಅಂತ ಹೊರಗ ಹಾಕಿದಂಗಾತಲ್ಲೋ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಾ, ನಾ ಯಾವಾಗ ಮೇಲ್ ತಗದೆ ಅಂತ ನಿನಗ ಹೆಂಗ ಗೊತ್ತಾಗ್ತದ?" ಅಂತ ಕೇಳಿದರು. ಆ ಕಾಣದ ಚಿತ್ರದ ಬಗ್ಗೆ ಹೇಳಿದೆ. ಹೇಳುವಾಗ ನನಗೇ ಒಂಥರಾ ಆಯಿತು. ಅವರು "ಹೌದಾ" ಅಂದು ಸುಮ್ಮನಾದರು.

ಮೊನ್ನೆ ಗಣೇಶ ಚೌತಿಯ ಮೇಲ್ ಕಳಿಸಿದೆವು. ರಿಪೋರ್ಟಿನಲ್ಲಿ ಮಾಸ್ತರ ಹೆಸರಿನ ಮುಂದೆ "ಮನುಷ್ಯ" ಅಂತ ಇತ್ತು. ಹನ್ನೊಂದು ನಿಮಿಷಕ್ಕೆ ತೆರೆದಿದ್ದರು. ಆರ್ಡರ್ ಕೊಡಲು ಫೋನ್ ಮಾಡಿದಾಗ ಅವರೇ ಹೇಳಿದರು: "ಟಿಂಗ್ ಅಂತು. ತಗಿಬೇಕು ಅಂದೆ. ಆಮ್ಯಾಲೆ ನೆನಪಾತು, ಗಡಿಯಾರ ನೋಡಕೋತ ಕುಂತೆ."