ಆಯ್ಕೆಗಳಿವೆ, ವಿವರಣೆ ಎಲ್ಲಿ?

‘ಫಿಲ್-ಕಾಲಮ್: ಫಿಲ್ ಕಾಲಮನ್ನು ನಿಗದಿಪಡಿಸುತ್ತದೆ.’ ಪಠ್ಯ ಬರೆಯುವ, ತಿದ್ದುವ ತಂತ್ರಾಂಶಗಳ (ಎಡಿಟರ್‌ಗಳ) ಬಗ್ಗೆ ನಮ್ಮ ತಂಡದಲ್ಲಿರುವ ಕೈಪಿಡಿ, ಸಾಲಿನ ಅಗಲವನ್ನು ನಿರ್ಧರಿಸುವ ಈ ಆಯ್ಕೆಯ ಕುರಿತು ಹೇಳುವುದು ಇಷ್ಟೇ. ಹೆಸರನ್ನೇ ತಿರುಗಿಸಿ ಬರೆದರೆ ಅದು ವಿವರಣೆಯಾಗುತ್ತದೆಯೇ? ಏಕೆ ಬದಲಿಸಬೇಕು, ಮೊದಲೇ ಇರುವ ಮೌಲ್ಯ ಎಷ್ಟು, ಬದಲಿಸಿದ್ದು ಎಲ್ಲಿಯವರೆಗೆ ಅನ್ವಯಿಸುತ್ತದೆ? ಒಂದಕ್ಕೂ ಉತ್ತರವಿಲ್ಲ.

ನಿನ್ನೆಯಂತೂ ಸಹನೆ ಕಟ್ಟೆಯೊಡೆಯಿತು. ಪುಣೆಯ ಹಿಂಜವಡಿಯ ನಮ್ಮ ಕಚೇರಿಗೆ ಧಾರವಾಡದಿಂದ ಹೊಸದಾಗಿ ಬಂದ ಹುಡುಗಿ ಈಮ್ಯಾಕ್ಸ್ ಎಂಬ ಎಡಿಟರ್‌ನ ಆರಂಭಿಕ ಕಡತದಲ್ಲಿ ‘ಸೆಟ್‌ಕ್ಯೂ’ ಎಂಬ ಆದೇಶ ಬಳಸಿ ಇದೇ ಫಿಲ್-ಕಾಲಮನ್ನು, ಅಂದರೆ ಸಾಲಿನ ಅಗಲವನ್ನು, 70 ಅಕ್ಷರಗಳಿಂದ 100ಕ್ಕೆ ಏರಿಸಿದ್ದಳು. ಯಾವ ಕಡತ ತೆರೆದು ಪ್ಯಾರಾ ಜೋಡಿಸಿದರೂ ಸಾಲು 70ಕ್ಕೇ ಮುರಿಯುತ್ತಿತ್ತು. ‘ಅಕ್ಕಾ, ನನ್ನಿಂದೇನಾದರೂ ತಪ್ಪಾಯಿತೇ?’ ಎಂದು ಕಚೇರಿಯ ಬಸ್ಸು ಹೊರಡುವವರೆಗೂ ಕೇಳುತ್ತಲೇ ಇದ್ದಳು. ಅವಳ ತಪ್ಪೇನೂ ಇಲ್ಲ! ಆ ಮೌಲ್ಯ ಪ್ರತಿ ಬಫರ್‌ಗೂ, ಅಂದರೆ ತೆರೆದ ಪ್ರತಿ ಕಡತಕ್ಕೂ, ಪ್ರತ್ಯೇಕ. ಎಲ್ಲೆಡೆ ಅನ್ವಯಿಸಬೇಕಾದರೆ ‘ಸೆಟ್‌ಕ್ಯೂ-ಡಿಫಾಲ್ಟ್’ ಎಂದು ಬರೆಯಬೇಕು. ಈ ಒಂದು ಸಾಲು ಕೈಪಿಡಿಯಲ್ಲಿದ್ದರೆ ಯಾರ ಗಂಟು ಹೋಗುತ್ತಿತ್ತು?

ಕೈಪಿಡಿಯಲ್ಲಿ ವಿಮ್ ಎಂಬ ಇನ್ನೊಂದು ಎಡಿಟರ್‌ನ ಪುಟದ್ದೂ ಅದೇ ಹಣೆಬರಹ. ‘ಟ್ಯಾಬ್‌ಸ್ಟಾಪ್’ ಒಂದು ಕಡೆ, ‘ಶಿಫ್ಟ್‌ವಿಡ್ತ್’ ಇನ್ನೊಂದು ಕಡೆ, ‘ಎಕ್ಸ್‌ಪ್ಯಾಂಡ್‌ಟ್ಯಾಬ್’ ಮತ್ತೆಲ್ಲೋ. ಮೊದಲನೆಯದು ಟ್ಯಾಬ್ ಎಷ್ಟು ಅಗಲ ಕಾಣಬೇಕೆಂದು ಹೇಳುತ್ತದೆ, ಎರಡನೆಯದು ಸಾಲನ್ನು ಎಷ್ಟು ಒಳಗೆ ಸರಿಸಬೇಕೆಂದು, ಮೂರನೆಯದು ಟ್ಯಾಬಿನ ಬದಲು ಖಾಲಿ ಜಾಗಗಳನ್ನು ತುಂಬಬೇಕೇ ಎಂದು. ಮೂರನ್ನೂ ಒಟ್ಟಿಗೆ ನೋಡದೆ ಒಂದನ್ನೇ ಮುಟ್ಟಿದರೆ ಕಡತವೆಲ್ಲ ಅಡ್ಡಾದಿಡ್ಡಿ. ಅಕ್ಷರಾನುಕ್ರಮದಲ್ಲಿ ಪಟ್ಟಿ ಮಾಡಿ ಕೈತೊಳೆದುಕೊಂಡವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಬರೆಯಲಿಲ್ಲವಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ.